ಯಾರಿಗೆ ಯಾವ ಕೆಲಸ: ಜೋಡಣೆಯ ಗಣಿತ ಬೆಳೆದ ಬಗೆ

ಒಂದು ಬದಿಗೆ ಜನರ ಹೆಸರು, ಇನ್ನೊಂದು ಬದಿಗೆ ಕೆಲಸಗಳ ಹೆಸರು ಬರೆದು, ಯಾರು ಯಾವ ಕೆಲಸ ಮಾಡಬಲ್ಲರೋ ಅವರಿಂದ ಆ ಕೆಲಸಕ್ಕೆ ಒಂದು ಗೆರೆ ಎಳೆದರೆ ಸಿಗುವ ಚಿತ್ರಕ್ಕೆ ಗಣಿತದಲ್ಲಿ ದ್ವಿಪಕ್ಷ ಗ್ರಾಫ್ ಅಥವಾ ಬೈಪಾರ್ಟೈಟ್ ಗ್ರಾಫ್ ಎಂದು ಹೆಸರು. ಗೆರೆಗಳು ಒಂದು ಪಕ್ಷದಿಂದ ಇನ್ನೊಂದಕ್ಕೆ ಮಾತ್ರ ಹೋಗುತ್ತವೆ. ಪಕ್ಷದೊಳಗೆ ಗೆರೆ ಇರುವುದಿಲ್ಲ. ಒಬ್ಬರಿಗೆ ಎರಡು ಕೆಲಸ ಬೀಳದಂತೆ, ಒಂದು ಕೆಲಸಕ್ಕೆ ಇಬ್ಬರು ಬರದಂತೆ ಆರಿಸಿದ ಗೆರೆಗಳೇ ಜೋಡಣೆ. ಎಲ್ಲರಿಗೂ ಕೆಲಸ ಸಿಕ್ಕಿ ಎಲ್ಲ ಕೆಲಸಕ್ಕೂ ಆಳು ಸಿಕ್ಕರೆ ಅದು ಪೂರ್ಣ ಜೋಡಣೆ.

ಮೈಸೂರಿನ ಸರಸ್ವತಿಪುರಂ ಮಾನಸಗಂಗೋತ್ರಿಗೆ ಹತ್ತಿರದ, ವಿದ್ಯಾರ್ಥಿಗಳಿಂದ ತುಂಬಿದ ಬಡಾವಣೆ. ಜೆಎಸ್‌ಎಸ್ ಮಹಿಳಾ ಕಾಲೇಜು ಇರುವುದು ಇಲ್ಲೇ. ಇಂಥ ಬಡಾವಣೆಯ ಯಾವುದಾದರೂ ಕಾಲೇಜಿನ ಪರೀಕ್ಷೆಯ ದಿನವನ್ನು ಊಹಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಭೌತವಿಜ್ಞಾನದ ಉಪನ್ಯಾಸಕರು ಪ್ರಯೋಗಾಲಯವನ್ನೂ ನೋಡಿಕೊಳ್ಳಬಲ್ಲರು, ಕೊಠಡಿ ಮೇಲ್ವಿಚಾರಣೆಯನ್ನೂ ಮಾಡಬಲ್ಲರು. ಕನ್ನಡದ ಉಪನ್ಯಾಸಕರಿಗೆ ಕೊಠಡಿ ಮಾತ್ರ ಆಗುತ್ತದೆ. ಮೊದಲು ಬಂದ ಭೌತವಿಜ್ಞಾನದವರಿಗೆ ಕೊಠಡಿ ಕೊಟ್ಟುಬಿಟ್ಟರೆ ಕನ್ನಡದವರು ಕೆಲಸವಿಲ್ಲದೆ ನಿಲ್ಲುತ್ತಾರೆ, ಪ್ರಯೋಗಾಲಯಕ್ಕೆ ಯಾರೂ ಇರುವುದಿಲ್ಲ. ಮೊದಲಿನವರನ್ನು ಪ್ರಯೋಗಾಲಯಕ್ಕೆ ಕಳಿಸಿ ಕೊಠಡಿಯನ್ನು ಕನ್ನಡದವರಿಗೆ ಬಿಟ್ಟರೆ ಎರಡೂ ಕೆಲಸ ನಡೆಯುತ್ತವೆ. ಹೀಗೆ ಒಬ್ಬರನ್ನು ಸರಿಸಿ ಇನ್ನೊಬ್ಬರಿಗೆ ಜಾಗ ಮಾಡುವ ಸರಪಳಿಯೇ ಈ ಶಾಸ್ತ್ರದ ಮುಖ್ಯ ಉಪಕರಣ. ಸರಪಳಿ ಉದ್ದವಾದಷ್ಟೂ ಅದು ಬರಿಗಣ್ಣಿಗೆ ಕಾಣುವುದು ಕಷ್ಟ. ಇನ್ನು ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡುತ್ತೇವೆಂದರೆ, 10 ಮಂದಿಗೆ 10 ಕೆಲಸ ಹಂಚುವ ಬಗೆಗಳೇ 36,28,800. 20 ಮಂದಿಯಾದರೆ ಆ ಸಂಖ್ಯೆ 24ರ ಮುಂದೆ 17 ಸೊನ್ನೆ ಇಟ್ಟದ್ದನ್ನೂ ಮೀರುತ್ತದೆ.

ಶಾಸ್ತ್ರದ ಮೊದಲ ಪ್ರಶ್ನೆ, ಪೂರ್ಣ ಜೋಡಣೆ ಇದೆಯೇ ಇಲ್ಲವೇ ಎಂಬುದು. ಹಂಗೇರಿಯ ಡೇನೆಶ್ ಕೋನಿಗ್ 1916ರಲ್ಲಿ, ಎರಡೂ ಪಕ್ಷದ ಪ್ರತಿಯೊಂದು ಬಿಂದುವಿಗೂ ಒಂದೇ ಸಂಖ್ಯೆಯ ಗೆರೆಗಳಿದ್ದರೆ ಪೂರ್ಣ ಜೋಡಣೆ ಇದ್ದೇ ಇರುತ್ತದೆಂದು ಸಾಧಿಸಿದರು. 1931ರಲ್ಲಿ ಅವರು ಕೊಟ್ಟ ಪ್ರಮೇಯ ಇನ್ನೂ ಆಳವಾದದ್ದು: ಅತಿ ದೊಡ್ಡ ಜೋಡಣೆಯಲ್ಲಿ ಎಷ್ಟು ಗೆರೆಗಳಿರುತ್ತವೋ, ಎಲ್ಲ ಗೆರೆಗಳನ್ನೂ ಮುಟ್ಟಲು ಕನಿಷ್ಠ ಅಷ್ಟೇ ಬಿಂದುಗಳು ಬೇಕು. 1935ರಲ್ಲಿ ಇಂಗ್ಲೆಂಡಿನ ಫಿಲಿಪ್ ಹಾಲ್ ಇದೇ ಸತ್ಯವನ್ನು ಎಲ್ಲರಿಗೂ ಅರ್ಥವಾಗುವ ರೂಪಕ್ಕೆ ತಂದರು. ಯಾವ ಗುಂಪನ್ನೇ ತೆಗೆದುಕೊಂಡರೂ, ಅದರಲ್ಲಿರುವ ಜನರಷ್ಟಾದರೂ ಕೆಲಸಗಳು ಆ ಗುಂಪಿಗೆ ಒಟ್ಟಾರೆ ಗೊತ್ತಿದ್ದರೆ ಎಲ್ಲರಿಗೂ ಕೆಲಸ ಸಿಗುತ್ತದೆ; ಇಲ್ಲವಾದರೆ ಸಿಗುವುದಿಲ್ಲ. ಹಂಚಲು ಕೂತವರಿಗೆ ಇದು ದೊಡ್ಡ ಆಸರೆ. ಆಗುವುದಿಲ್ಲ ಎಂದು ಕೈಚೆಲ್ಲುವ ಬದಲು, ಈ ಮೂವರಿಗೆ ಒಟ್ಟು ಎರಡೇ ಕೆಲಸ ಬರುತ್ತವೆ ಎಂದು ಕಾರಣ ತೋರಿಸಬಹುದು. ಆ ಮೂವರಲ್ಲಿ ಒಬ್ಬರಿಗೆ ಇನ್ನೊಂದು ಕೆಲಸ ಕಲಿಸಲೂಬಹುದು.

ಎರಡನೆಯ ಪ್ರಶ್ನೆ ವೆಚ್ಚದ್ದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸಾವಿರಾರು ಮಂದಿಯನ್ನು ಅವರವರ ಸಾಮರ್ಥ್ಯಕ್ಕೆ ತಕ್ಕ ಹುದ್ದೆಗೆ ಸೇರಿಸುವ ಕೆಲಸ ಮನಶ್ಶಾಸ್ತ್ರಜ್ಞರ ಮುಂದಿತ್ತು. ರಾಬರ್ಟ್ ಥಾರ್ನ್‌ಡೈಕ್ 1950ರಲ್ಲಿ ಆ ಸಮಸ್ಯೆಯನ್ನು ವಿವರವಾಗಿ ಚರ್ಚಿಸಿದರು. ಅದಕ್ಕೆ ಉತ್ತರದ ಬೀಜ ಹಂಗೇರಿಯಲ್ಲೇ ಬಿದ್ದಿತ್ತು. ಕೋನಿಗ್ ಅವರ ಪುಸ್ತಕದ ಅಡಿಟಿಪ್ಪಣಿಯೊಂದರಲ್ಲಿ ಯೆನೊ ಎಗೆರ್ವಾರಿ ಅವರ 1931ರ ಲೇಖನದ ಉಲ್ಲೇಖ ಕಂಡ ಹೆರಾಲ್ಡ್ ಕೂನ್, ನಿಘಂಟು ಮತ್ತು ವ್ಯಾಕರಣ ಪುಸ್ತಕ ಹಿಡಿದು ಕೂತು ಅದನ್ನು ಹಂಗೇರಿಯನ್ ಭಾಷೆಯಿಂದ ಅನುವಾದಿಸಿಕೊಂಡರು. 1955ರಲ್ಲಿ ಪ್ರಕಟಿಸಿದ ತಮ್ಮ ವಿಧಾನಕ್ಕೆ ‘ಹಂಗೇರಿಯನ್ ವಿಧಾನ’ ಎಂದೇ ಹೆಸರಿಟ್ಟರು. ತನ್ನ ಹೆಸರನ್ನು ಬದಿಗಿಟ್ಟು ಮೂಲದವರಿಗೆ ಗೌರವ ಸಲ್ಲಿಸಿದ ಈ ನಡೆ ವಿಜ್ಞಾನದ ಚರಿತ್ರೆಯಲ್ಲಿ ನೆನಪಿಡಬೇಕಾದದ್ದು.

ವಿಧಾನದ ತಿರುಳು ಸಣ್ಣ ಲೆಕ್ಕದಲ್ಲೇ ಕಾಣುತ್ತದೆ. ಅಂಕಪಟ್ಟಿ ಸಿದ್ಧಪಡಿಸಲು ಮೊದಲನೆಯ ಗುಮಾಸ್ತರಿಗೆ 1 ಗಂಟೆ, ಕಡತ ಜೋಡಿಸಲು 2 ಗಂಟೆ ಬೇಕು. ಎರಡನೆಯವರಿಗೆ ಅದೇ ಕೆಲಸಗಳಿಗೆ 2 ಮತ್ತು 10 ಗಂಟೆ. ಚುರುಕಿನವರಿಗೆ ಅವರು ಬೇಗ ಮುಗಿಸುವ ಅಂಕಪಟ್ಟಿಯನ್ನೇ ಕೊಟ್ಟರೆ ಒಟ್ಟು 11 ಗಂಟೆ ಹಿಡಿಯುತ್ತದೆ. ಅದಲುಬದಲು ಮಾಡಿದರೆ 4 ಗಂಟೆ ಸಾಕು. ಇದನ್ನು ಕಂಡುಕೊಳ್ಳುವುದು ಹೀಗೆ: ಮೊದಲನೆಯವರ ಸಾಲಿನಿಂದ 1, ಎರಡನೆಯವರ ಸಾಲಿನಿಂದ 2 ಕಳೆದರೆ ಅಂಕಪಟ್ಟಿಯ ಕೆಳಗೆ ಎರಡು ಸೊನ್ನೆ, ಕಡತದ ಕೆಳಗೆ 1 ಮತ್ತು 8 ಉಳಿಯುತ್ತವೆ. ಕಡತದ ಕಂಬಸಾಲಿನಿಂದ 1 ಕಳೆದರೆ ಅಲ್ಲಿಯೂ ಮೊದಲನೆಯವರ ಎದುರು ಸೊನ್ನೆ ಬರುತ್ತದೆ. ಒಂದು ಸಾಲಿನಿಂದ ಒಂದೇ ಸಂಖ್ಯೆಯನ್ನು ಕಳೆದಾಗ ಯಾವ ಹಂಚಿಕೆ ಉತ್ತಮವೆಂಬುದು ಬದಲಾಗುವುದಿಲ್ಲ. ಆದ್ದರಿಂದ ಸೊನ್ನೆಗಳಲ್ಲೇ ಜೋಡಿ ಕೂಡಿಸಿದರೆ ಸಾಕು: ಮೊದಲನೆಯವರಿಗೆ ಕಡತ, ಎರಡನೆಯವರಿಗೆ ಅಂಕಪಟ್ಟಿ. ಕಳೆದ ಸಂಖ್ಯೆಗಳಾದ 1, 2, 1 ಕೂಡಿದರೆ ಬರುವುದೂ 4. ಅದಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿಯದೆಂಬುದಕ್ಕೆ ಆ ಮೊತ್ತವೇ ಪುರಾವೆ.

ದೊಡ್ಡ ಪಟ್ಟಿಗಳಿಗೂ ಈ ವಿಧಾನ ಮಿತವಾದ ಹೆಜ್ಜೆಗಳಲ್ಲಿ ಮುಗಿಯುತ್ತದೆಂದು 1957ರಲ್ಲಿ ಜೇಮ್ಸ್ ಮಂಕ್ರಿಸ್ ತೋರಿಸಿದರು. 1851ರಲ್ಲಿ ತೀರಿಕೊಂಡ ಜರ್ಮನಿಯ ಗಣಿತಜ್ಞ ಯಾಕೋಬಿಯ ಲ್ಯಾಟಿನ್ ಬರಹಗಳಲ್ಲಿ ಇದೇ ವಿಧಾನ ಆಗಲೇ ಇತ್ತೆಂಬುದು 2006ರ ಹೊತ್ತಿಗೆ ಬೆಳಕಿಗೆ ಬಂತು. ಸರಿಸಿ ಜಾಗ ಮಾಡುವ ಸರಪಳಿ ಇನ್ನು ಸಿಗುವುದಿಲ್ಲ ಎಂದಾದಾಗ ಜೋಡಣೆ ಅತಿ ದೊಡ್ಡದಾಗಿದೆ ಎಂದೇ ಅರ್ಥ ಎಂಬುದನ್ನು ಫ್ರಾನ್ಸಿನ ಕ್ಲೋಡ್ ಬೆರ್ಜ್ 1957ರಲ್ಲಿ ಸಾಧಿಸಿದರು. ಅಂಥ ಹಲವು ಸರಪಳಿಗಳನ್ನು ಒಟ್ಟಿಗೇ ಹುಡುಕುವ ಹಾಪ್‌ಕ್ರಾಫ್ಟ್–ಕಾರ್ಪ್ ವಿಧಾನ 1973ರದು. ಜನ ಒಬ್ಬೊಬ್ಬರಾಗಿ ಬಂದಂತೆ ಆಗಿಂದಾಗಲೇ ತೀರ್ಮಾನಿಸಬೇಕಾದ ಸಂದರ್ಭಕ್ಕೆ ರಿಚರ್ಡ್ ಕಾರ್ಪ್, ಉಮೇಶ್ ವಜಿರಾನಿ, ವಿಜಯ್ ವಜಿರಾನಿ 1990ರಲ್ಲಿ ಉತ್ತರ ಕೊಟ್ಟರು: ಕೆಲಸಗಳಿಗೆ ಮೊದಲೇ ಚೀಟಿ ಎತ್ತಿದಂತೆ ಒಂದು ಕ್ರಮ ಕೊಟ್ಟು ಅದನ್ನೇ ಪಾಲಿಸಿದರೆ, ಎಲ್ಲವೂ ಮೊದಲೇ ಗೊತ್ತಿದ್ದಾಗ ಆಗಬಹುದಾಗಿದ್ದ ಜೋಡಣೆಯ ಸುಮಾರು ಶೇ. 63 ಪಾಲು ಸರಾಸರಿಯಲ್ಲಿ ಖಚಿತ.

ಇಲ್ಲಿಯವರೆಗೆ ನೋಡಿದ ವಿಧಾನಗಳಲ್ಲಿ ಹಂಚುವವರ ಲಾಭವೇ ಮುಖ್ಯವಾಗಿತ್ತು. ಹಂಚಿಸಿಕೊಳ್ಳುವವರಿಗೆ ಏನು ಬೇಕೆಂದು ಕೇಳಿರಲಿಲ್ಲ. ಶಾಸ್ತ್ರ ತೆಗೆದುಕೊಂಡ ಅತಿ ಮಹತ್ವದ ತಿರುವು ಆ ಕೇಳಿಕೆಯೇ. 1962ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಕಾಲೇಜು ಪ್ರವೇಶವನ್ನೇ ಉದಾಹರಣೆಯಾಗಿಟ್ಟುಕೊಂಡು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗಿಷ್ಟವಾದ ಕಾಲೇಜನ್ನು ಮೊದಲು ಕೇಳುವ, ಕಾಲೇಜು ಉತ್ತಮರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಬಿಡುವ, ಬಿಟ್ಟವರು ಪಟ್ಟಿಯ ಮುಂದಿನ ಕಾಲೇಜಿಗೆ ಹೋಗುವ ವಿಧಾನ ರೂಪಿಸಿದರು. ಕೊನೆಗೆ ಉಳಿಯುವ ಹಂಚಿಕೆಯಲ್ಲಿ, ತಮ್ಮ ಸೀಟು ಬಿಟ್ಟು ಪರಸ್ಪರ ಕೂಡಿಕೊಳ್ಳಲು ಬಯಸುವ ವಿದ್ಯಾರ್ಥಿ–ಕಾಲೇಜು ಜೋಡಿ ಒಂದೂ ಇರುವುದಿಲ್ಲ. ಈ ಚಿಂತನೆಯನ್ನು ಆಸ್ಪತ್ರೆ, ಶಾಲೆಗಳಿಗೆ ಒಯ್ದ ಆಲ್ವಿನ್ ರಾತ್ ಅವರಿಗೂ ಶಾಪ್ಲಿಗೂ 2012ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಹುದ್ದೆಗಳಿಗೆ ಸ್ವಂತ ಇಷ್ಟವಿಲ್ಲದೆ ಅಭ್ಯರ್ಥಿಗಳಿಗೆ ಮಾತ್ರ ಇದ್ದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಬಂದ ಒಂದು ಉತ್ತರದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ತೆಲಿಕೆಪಲ್ಲಿ ಕವಿತಾ ಅವರು ಡೇವಿಡ್ ಅಬ್ರಹಾಂ, ರಾಬರ್ಟ್ ಅರ್ವಿಂಗ್, ಕರ್ಟ್ ಮೆಹ್ಲ್‌ಹಾರ್ನ್ ಜೊತೆ 2007ರಲ್ಲಿ ಪ್ರಕಟಿಸಿದ ಲೇಖನ ‘ಜನಪ್ರಿಯ ಜೋಡಣೆ’ಯ ಕುರಿತದ್ದು. ಮತಕ್ಕೆ ಹಾಕಿದರೆ ಬೇರೆ ಯಾವ ಹಂಚಿಕೆಯೂ ಬಹುಮತದಿಂದ ಸೋಲಿಸಲಾಗದ ಹಂಚಿಕೆಯೇ ಜನಪ್ರಿಯ ಜೋಡಣೆ. ಅದು ಯಾವಾಗಲೂ ಇರುವುದಿಲ್ಲ. ಮೂವರು ಶಿಕ್ಷಕರೂ ಮೂರು ಊರುಗಳನ್ನು ಒಂದೇ ಕ್ರಮದಲ್ಲಿ ಬಯಸಿದರೆ, ಯಾರಿಗೆ ಯಾವ ಊರು ಕೊಟ್ಟರೂ ಒಬ್ಬರನ್ನು ಕೆಳಕ್ಕಿಳಿಸಿ ಇಬ್ಬರನ್ನು ಮೇಲೇರಿಸುವ ಇನ್ನೊಂದು ಹಂಚಿಕೆ ಸಿಕ್ಕೇ ಸಿಗುತ್ತದೆ. ಜನಪ್ರಿಯ ಜೋಡಣೆ ಇದೆಯೇ ಎಂದು ಬೇಗ ಹೇಳಬಲ್ಲ, ಇದ್ದರೆ ಹುಡುಕಿಕೊಡಬಲ್ಲ ವಿಧಾನವನ್ನು ಆ ಲೇಖನ ಕೊಟ್ಟಿತು. ಎಲ್ಲರೂ ಬಯಸುವ ಊರಿಗೆ ಬಹುಮತ ದಾರಿ ತೋರದಿದ್ದಾಗ ಉಳಿಯುವುದು ಆದ್ಯತೆಯ ಕ್ರಮ. 2007ರ ಕಾಯ್ದೆಯಿಂದ ಆರಂಭಿಸಿ ಕರ್ನಾಟಕದ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ಹಿಡಿದಿರುವುದೂ ಆ ದಾರಿಯನ್ನೇ.

ರಾಜ್ಯದಲ್ಲಿ ಈ ಶಾಸ್ತ್ರ ಅತಿ ಹೆಚ್ಚು ಮನೆಗಳನ್ನು ಮುಟ್ಟುವುದು ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಸೀಟು ಹಂಚಿಕೆಯಲ್ಲಿ. 1994ರಲ್ಲಿ ಸಿಇಟಿ ಘಟಕವಾಗಿ ಹುಟ್ಟಿ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾದ ಸಂಸ್ಥೆ ರ‍್ಯಾಂಕ್ ಕ್ರಮದಲ್ಲಿ ಅಭ್ಯರ್ಥಿಗಳನ್ನು ತೆಗೆದುಕೊಂಡು, ಅವರವರ ಆಪ್ಷನ್ ಪಟ್ಟಿಯಲ್ಲಿ ಉಳಿದಿರುವ ಸೀಟುಗಳ ಪೈಕಿ ಮೇಲಿನದನ್ನು ಕೊಡುತ್ತದೆ. ಯಾರಿಂದ ಯಾವ ಸೀಟಿಗೆ ಗೆರೆ ಇದೆ ಎಂಬುದನ್ನು ನಿರ್ಧರಿಸುವುದು ಮಾತ್ರ ಗಣಿತವಲ್ಲ, ಕಾನೂನು. ಪ್ರವರ್ಗಗಳ ಮೀಸಲಾತಿ, ಗ್ರಾಮೀಣ ಅಭ್ಯರ್ಥಿಗಳ ಶೇ. 15, ಕನ್ನಡ ಮಾಧ್ಯಮದವರ ಶೇ. 5, ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರ ಪಾಲು, ಇವೆಲ್ಲ ಆ ಗೆರೆಗಳನ್ನು ಎಳೆಯುತ್ತವೆ. ನ್ಯಾಯದ ಪ್ರಶ್ನೆ ಅಲ್ಲಿಯೇ ತೀರ್ಮಾನವಾಗುತ್ತದೆ. ಕಂಪ್ಯೂಟರ್ ಅದನ್ನು ತಪ್ಪಿಲ್ಲದೆ ನಡೆಸಿಕೊಡುತ್ತದೆ ಅಷ್ಟೆ. ಐಐಟಿ, ಎನ್‌ಐಟಿಗಳ ಸೀಟುಗಳನ್ನು ಒಂದೇ ವೇದಿಕೆಯಲ್ಲಿ ಹಂಚುವ ಏರ್ಪಾಡು 2015ರಲ್ಲಿ ಬಂತು. ಗೇಲ್–ಶಾಪ್ಲಿ ವಿಧಾನವನ್ನು ಆಧರಿಸಿದ ಆ ಏರ್ಪಾಡಿನಿಂದಲೇ ಸುರತ್ಕಲ್ ಎನ್‌ಐಟಿಯ ಸೀಟುಗಳೂ ತುಂಬುತ್ತವೆ.

ಸಿಇಟಿಯ ‘ಛಾಯ್ಸ್ 2’ ನಿಯಮದಲ್ಲಿಯೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಅದೇ ಗುಣ ಕಾಣುತ್ತದೆ. ಸಿಕ್ಕ ಸೀಟನ್ನು ಹಿಡಿದುಕೊಂಡೇ ಅಭ್ಯರ್ಥಿ ಮುಂದಿನ ಸುತ್ತಿಗೆ ಹೋಗಬಹುದು. ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಸೀಟು ಸಿಕ್ಕರೆ ಹಿಂದಿನದು ತಾನಾಗಿಯೇ ರದ್ದಾಗುತ್ತದೆ. ರ‍್ಯಾಂಕ್ ಕ್ರಮದ ಹಂಚಿಕೆಯಲ್ಲಿ ಸಿಗಲಾರದ ಕಾಲೇಜನ್ನು ಮೇಲೆ ಬರೆದರೂ ಕೆಳಗಿನ ಸೀಟಿನ ಅವಕಾಶ ಕಡಿಮೆಯಾಗುವುದಿಲ್ಲ. ಆದರೆ ಬೇಡದ ಕಾಲೇಜನ್ನು ಮೇಲೆ ಬರೆದರೆ ಅದೇ ಗಂಟುಬೀಳಬಹುದು. ಆದ್ದರಿಂದ ಸರಸ್ವತಿಪುರಂನ ಕೋಣೆಯಲ್ಲಿ ಕೂತು ಆಪ್ಷನ್ ತುಂಬುವ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಊಹೆಯ ಲೆಕ್ಕ ಬಿಟ್ಟು, ನಿಜವಾಗಿ ಬೇಕಾದದ್ದನ್ನು ಬೇಕಾದ ಕ್ರಮದಲ್ಲೇ ಬರೆಯಬೇಕು.