ನರಗುಂದ ಬಂಡಾಯ ಮತ್ತು 1983ರ ಜನತೀರ್ಪು

ಮುಶಿಗೇರಿಯನ್ನು ಒಳಗೊಂಡಿದ್ದ ರೋಣ ಹಾಗೂ ನೆರೆಯ ನರಗುಂದ ತಾಲೂಕುಗಳು 1980ರಲ್ಲಿ ಧಾರವಾಡ ಜಿಲ್ಲೆಗೆ ಸೇರಿದ್ದವು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರವು ಅಭಿವೃದ್ಧಿ ಕರವನ್ನು ವಿಧಿಸಿತ್ತು. ಕಾಲುವೆ ನೀರು ತಲುಪದ ಹೊಲಗಳಿಗೂ ಕರ ಬಂದುದು ಅಸಮಾಧಾನಕ್ಕೆ ಮೂಲವಾಯಿತು. 1980ರ ಜುಲೈ 21ರಂದು ನರಗುಂದದಲ್ಲಿ ಪ್ರತಿಭಟನೆಯು ಹಿಂಸೆಗೆ ತಿರುಗಿತು. ಗೋಲಿಬಾರಿನಲ್ಲಿ ರೈತ ವೀರಪ್ಪ ಕಡ್ಲಿಕೊಪ್ಪ ಮಡಿದರು; ಪೊಲೀಸರೂ ಪ್ರಾಣ ಕಳೆದುಕೊಂಡರು.

ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಆಡಳಿತ ಆಗಿನ್ನೂ ಮೊದಲ ವರ್ಷದಲ್ಲಿತ್ತು. ರೈತರ ಈ ಮುನಿಸಿಗೆ 1982ರ ಗೋಕಾಕ್ ಚಳವಳಿಯೂ ಜೊತೆಗೂಡಿತು. 1983ರ ಜನವರಿ ಚುನಾವಣೆಯಲ್ಲಿ ಆಡಳಿತ ಪಕ್ಷ ಅಧಿಕಾರ ಕಳೆದುಕೊಂಡಿತು. ಸೋಮವಾರಪೇಟೆಯಲ್ಲಿ ಸ್ವತಃ ಮುಖ್ಯಮಂತ್ರಿಯೇ ಸೋತರು.

ಈ ಸೋಲನ್ನು ಕೇವಲ ಪಕ್ಷಗಳ ಲೆಕ್ಕಾಚಾರವೆಂದು ಕಾಣುವುದು ಅಪೂರ್ಣ. ನರಗುಂದದ ವೀರಗಲ್ಲಿಗೆ ರೈತರು ಪ್ರತಿ ಜುಲೈ 21ರಂದು ಗೌರವ ಸಲ್ಲಿಸುತ್ತಾರೆ. ಜನಪದರ ನೆನಪಿನಲ್ಲಿ ಉಳಿದಿರುವುದು ಮತಗಳ ಸಂಖ್ಯೆಯಲ್ಲ, ಮಡಿದವನ ಹೆಸರು.