ಉಂಡ ಮೇಲಿನ ಹಸಿವು: ನರೇಗಲ್ಲಿನ ದಾನಶಾಲೆ ಮತ್ತು ಊನೋದರ ವ್ರತ

ನರಗುಂದವೆಂದೊಡನೆ ಇಂದಿನ ಓದುಗನಿಗೆ 1858ರ ಬಾಬಾಸಾಹೇಬನ ಬಂಡಾಯವೂ 1980ರ ರೈತ ಹೋರಾಟವೂ ನೆನಪಾಗುತ್ತವೆ. ಗಜೇಂದ್ರಗಡವು ಟಿಪ್ಪುವಿಗೂ ಮರಾಠರಿಗೂ 1787ರಲ್ಲಿ ನಡೆದ ಒಪ್ಪಂದದಿಂದ ಇತಿಹಾಸದ ಪುಟ ಸೇರಿದೆ. ಈ ಎರಡು ಊರುಗಳಿಗೂ ರೋಣಕ್ಕೂ ಸೇರಿದ ಎರೆಭೂಮಿಯಲ್ಲಿ ಇವೆಲ್ಲಕ್ಕಿಂತ ಹಳೆಯದಾದ ಇನ್ನೊಂದು ಪದರವಿದೆ. ಶಾಸನಗಳ ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು ಎಂಬ ನಾಡುಗಳು ಈ ಸೀಮೆಯಲ್ಲಿಯೇ ಹರಡಿದ್ದವು. ಹತ್ತನೆಯ ಶತಮಾನದಲ್ಲಿ ಈ ನಾಡನ್ನು ಆಳಿದ ಒಂದು ಮನೆತನದ ದಾಖಲೆಗಳನ್ನು ಒಟ್ಟಿಗೆ ಇರಿಸಿ ಓದಿದರೆ, ಅನ್ನವನ್ನು ಕುರಿತು ಜೈನಧರ್ಮವು ತಳೆದ ನಿಲುವಿನ ಎರಡು ತುದಿಗಳೂ ಅಲ್ಲಿಯೇ ಕಾಣಸಿಗುತ್ತವೆ.

ಕ್ರಿ.ಶ. 949-50ರ ಆತಕೂರಿನ ಶಾಸನವು ತಕ್ಕೋಲದ ಯುದ್ಧದ ಫಲವನ್ನು ಹೇಳುತ್ತದೆ. ಚೋಳ ರಾಜಾದಿತ್ಯನನ್ನು ಕೊಂದ ಗಂಗ ಇಮ್ಮಡಿ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಕೊಟ್ಟನು. ಅದೇ ಹೊತ್ತಿಗೆ, ಅಂದರೆ 950ರಲ್ಲಿ, ಹಳೆಯ ರೋಣ ತಾಲೂಕಿಗೆ ಸೇರಿದ್ದ ನರೇಗಲ್ಲಿನಲ್ಲಿ ಬೂತುಗನ ಅರಸಿ ಪದ್ಮಬ್ಬರಸಿಯು ಕಟ್ಟಿಸಿದ ಬಸದಿಯ ಉಲ್ಲೇಖ ಆ ಊರಿನ ಶಾಸನದಲ್ಲಿ ದೊರೆಯುತ್ತದೆ. ಶಾಸನದ ಮುಖ್ಯ ವಿಷಯ ಬಸದಿಗೆ ಸೇರಿದ ದಾನಶಾಲೆ. ಅದರ ನಿರ್ವಹಣೆಗಾಗಿ ಒಂದು ಕೆರೆಯನ್ನು ದತ್ತಿಯಾಗಿ ಬಿಡಲಾಯಿತು. ಅದನ್ನು ಸ್ವೀಕರಿಸಿದವರು ಕೊಂಡಕುಂದಾನ್ವಯದ ದೇಶಿಗಗಣಕ್ಕೆ ಸೇರಿದ ಗುಣಚಂದ್ರ ಪಂಡಿತರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆಹಾರವನ್ನು ಮೊದಲಿಗೆ ಎಣಿಸುವ ಸಂಪ್ರದಾಯಕ್ಕೆ ಮಳೆಯ ನಂಬಿಕೆಯಿಲ್ಲದ ಈ ಸೀಮೆಯಲ್ಲಿ ವಿಶೇಷವಾದ ಅರ್ಥವಿತ್ತು. ಕೆರೆ ತುಂಬಿದರೆ ಬೆಳೆ, ಬೆಳೆ ಬಂದರೆ ದಾನಶಾಲೆಯಲ್ಲಿ ಒಲೆ.

ಸಮೀಪದ ಸೂಡಿಯ ತಾಮ್ರಪಟಗಳೂ ಬೂತುಗನ ಹೆಸರಿನಲ್ಲಿಯೇ ಇದ್ದು, ದೀವಳಾಂಬಿಕೆ ಕಟ್ಟಿಸಿದ ಬಸದಿಗೆ ಕೊಟ್ಟ ದತ್ತಿಯನ್ನು 938ನೆಯ ವರ್ಷಕ್ಕೆ ಸೇರಿಸಿ ಹೇಳುತ್ತವೆ. ಅವುಗಳನ್ನು ಪ್ರಕಟಿಸಿದ ಫ್ಲೀಟರು ಅವನ್ನು ಕೂಟಶಾಸನವೆಂದು ತಳ್ಳಿದರು. ಆದುದರಿಂದ ಆ ಪಟಗಳ ಮೇಲೆ ಹೆಚ್ಚಿನ ಭಾರ ಹೇರುವುದು ಸರಿಯಲ್ಲ. ನರೇಗಲ್ಲಿನ ಕಲ್ಲಿನ ಸಾಕ್ಷ್ಯವೇ ಇಲ್ಲಿ ಸಾಕು.

ಇದೇ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲನ್ನು ಕಿತ್ತು ದೀಕ್ಷೆ ವಹಿಸಿ ಮೂವತ್ತು ವರ್ಷ ತಪಗೈದು 971ರಲ್ಲಿ ಮುಡಿಪಿದುದನ್ನು ಕಡೂರಿನ ಶಾಸನ ತಿಳಿಸುತ್ತದೆ. ಬೂತುಗನ ಮಗ ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಅನ್ನನೀರು ಬಿಟ್ಟು 974-75ರಲ್ಲಿ ಸಮಾಧಿಮರಣ ಹೊಂದಿದುದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದಿಂದ ತಿಳಿಯುತ್ತದೆ. ಒಂದೇ ಮನೆತನದಲ್ಲಿ ಅರಸಿಯು ಅನ್ನದ ಬಾಗಿಲನ್ನು ತೆರೆದಳು, ಅಕ್ಕ ಅನ್ನವನ್ನು ಮಿತಗೊಳಿಸುವ ಬಾಳನ್ನು ಆರಿಸಿಕೊಂಡಳು, ಮಗನು ಕೊನೆಗೆ ಅನ್ನವನ್ನೇ ಬಿಟ್ಟನು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಇವನ್ನು ಬೆಸೆಯುವ ಸೂತ್ರ ಯಾವುದೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ಆ ಸೂತ್ರವನ್ನು ಆಚಾರಗ್ರಂಥಗಳು 'ಅವಮೋದರ್ಯ' ಎಂದು ಕರೆಯುತ್ತವೆ. ಊನೋದರವೆಂಬುದು ಅದರ ಪರ್ಯಾಯ ನಾಮ. ತತ್ತ್ವಾರ್ಥಸೂತ್ರವು ಎಣಿಸುವ ಆರು ಬಾಹ್ಯತಪಗಳಲ್ಲಿ ಅನಶನ ಮೊದಲನೆಯದು, ಅವಮೋದರ್ಯ ಎರಡನೆಯದು. ಅನಶನವೆಂದರೆ ಉಣ್ಣದಿರುವುದು, ಅವಮೋದರ್ಯವೆಂದರೆ ಉಣ್ಣುತ್ತಿರುವಾಗಲೇ ಹೊಟ್ಟೆ ತುಂಬುವ ಮೊದಲು ಕೈ ಹಿಂತೆಗೆಯುವುದು. ಉಪವಾಸದ ದಿನ ಎಲೆಯೇ ಹಾಕಿರುವುದಿಲ್ಲ. ಊನೋದರದಲ್ಲಾದರೋ ಎಲೆ ಎದುರಿಗಿದೆ, ಅನ್ನ ಬಿಸಿಯಾಗಿದೆ, ರುಚಿ ನಾಲಗೆಯ ಮೇಲಿದೆ, ಬಡಿಸುವವರು ಇನ್ನೊಂದು ಸಟ್ಟುಗ ಹಿಡಿದು ನಿಂತಿದ್ದಾರೆ. ಹಸಿವು ತೀರಿದ ಮೇಲೂ ಉಳಿಯುವ ಬಯಕೆಯನ್ನು ಅದರ ಪೂರ್ಣ ಬಲದಲ್ಲಿ ಎದುರಿಸಬೇಕಾದ ಜಾಗ ಇದು. ಬಾಹ್ಯತಪವೆಂದು ಎಣಿಸಿದರೂ ಇದರ ಕೆಲಸ ಒಳಗಿನದು.

ಮೂಲಾಚಾರ, ಭಗವತೀ ಆರಾಧನೆಗಳು ಈ ವಿಷಯವನ್ನು ಉಪದೇಶದ ಮಟ್ಟದಲ್ಲಿ ಬಿಡದೆ ಲೆಕ್ಕಕ್ಕೆ ಇಳಿಸುತ್ತವೆ. ಗಂಡಸಿನ ಪೂರ್ಣಾಹಾರ 32 ಕವಳ, ಹೆಂಗಸಿನದು 28. ಇದರಲ್ಲಿ ಒಂದು ತುತ್ತು ಕಡಮೆ ಮಾಡಿದರೂ ಅವಮೋದರ್ಯವೇ. ಹಾಗೆಯೇ ಇಳಿಯುತ್ತ ಒಂದೇ ತುತ್ತಿನವರೆಗೂ ಹೋಗಬಹುದು. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡನ್ನು ಅನ್ನವ್ಯಂಜನಗಳಿಂದಲೂ ಮೂರನೆಯದನ್ನು ನೀರಿನಿಂದಲೂ ತುಂಬಿ, ನಾಲ್ಕನೆಯದನ್ನು ವಾಯುಸಂಚಾರಕ್ಕೆ ಬಿಡಬೇಕೆಂಬ ನಿಯಮವೂ ಮೂಲಾಚಾರದಲ್ಲಿದೆ. ವೈದ್ಯಗ್ರಂಥವಾದ ಅಷ್ಟಾಂಗಹೃದಯವೂ ಇದನ್ನೇ ವಿಧಿಸುತ್ತದೆ. ಗಂಗರ ಕಾಲದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅವಮೋದರ್ಯದ ಪ್ರಯೋಜನವನ್ನು ಹೇಳುವಾಗ ದೇಹವನ್ನು ದಂಡಿಸುವ ಮಾತೆತ್ತುವುದಿಲ್ಲ. ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯದ ಸುಗಮತೆ ಇವೇ ಅವರು ಕೊಡುವ ಕಾರಣಗಳು. ಮಿತಿಮೀರಿ ಉಂಡವನಿಗೆ ಓಲೆಗರಿಯ ಮುಂದೆ ನಿದ್ದೆ ಬರುತ್ತದೆ ಎಂಬ ಸರಳ ಅನುಭವ ಇದರ ಹಿಂದಿದೆ.

ಇನ್ನೂ ಸೂಕ್ಷ್ಮವಾದುದು ಮುನಿಯ ಆಹಾರಕ್ಕೆ ಹೇಳಿದ ದೋಷಗಳ ವಿವೇಚನೆ. ಅಳತೆ ಮೀರಿ ಉಣ್ಣುವುದು ಒಂದು ದೋಷ. ಆಸೆಬುರುಕತನದಿಂದ ಚಪ್ಪರಿಸಿ ಉಣ್ಣುವುದು 'ಅಂಗಾರ' ದೋಷ, ಅಂದರೆ ಕೆಂಡ. ಅನ್ನವನ್ನು ಜರೆಯುತ್ತ, ಹೇಸುತ್ತ ಉಣ್ಣುವುದು 'ಧೂಮ' ದೋಷ, ಅಂದರೆ ಹೊಗೆ. ಅನ್ನದ ಮೋಹವನ್ನು ದೋಷವೆಂದ ಗ್ರಂಥಗಳೇ ಅನ್ನದ ದ್ವೇಷವನ್ನೂ ದೋಷವೆಂದಿವೆ. ಆಹಾರ ಸೇವಿಸಲು ಮುನಿಗೆ ಅನುಮತಿಸಿದ ಆರು ಕಾರಣಗಳಲ್ಲಿ ಮೊದಲನೆಯದು ಹಸಿವಿನ ವೇದನೆಯ ಶಮನ. ಹಸಿವಿಗಾಗಿ ಉಣ್ಣುವುದು ನಾಚಿಕೆಯ ಸಂಗತಿಯಲ್ಲ. ಹಸಿವು ಹೋದ ಮೇಲೆ ಉಣ್ಣುತ್ತಿರುವುದು ಯಾವುದಕ್ಕಾಗಿ ಎಂಬುದನ್ನಷ್ಟೇ ಶಾಸ್ತ್ರ ಕೇಳುತ್ತದೆ. ಮುನಿಯು ನಿಂತು, ಬೊಗಸೆಯನ್ನೇ ಪಾತ್ರೆ ಮಾಡಿಕೊಂಡು, ದಿನಕ್ಕೊಮ್ಮೆ ಉಣ್ಣುವ ಪದ್ಧತಿಯಲ್ಲಿ ಈ ಪ್ರಶ್ನೆ ಪ್ರತಿ ತುತ್ತಿಗೂ ಎದುರಾಗುತ್ತದೆ.

ಕನ್ನಡ ಗದ್ಯದ ಆದಿಯಲ್ಲಿಯೇ ಈ ತಪಸ್ಸಿಗೆ ಸ್ಥಾನವಿದೆ. ವಡ್ಡಾರಾಧನೆಯ 19 ಕಥೆಗಳಲ್ಲಿ ಪ್ರತಿಯೊಂದೂ ಒಂದು ಪ್ರಾಕೃತ ಗಾಹೆಯ ವಿಸ್ತಾರ. ಭದ್ರಬಾಹು ಭಟ್ಟಾರಕರ ಕಥೆಗೆ ಮೂಲವಾದ ಆರಾಧನೆಯ ಗಾಹೆಯು, ಘೋರವಾದ ಅವಮೋದರ್ಯದಲ್ಲಿಯೂ ಮನಸ್ಸು ಕಲಕದೆ ಅವರು ಉತ್ತಮಸ್ಥಾನ ಪಡೆದರೆಂದು ಹೇಳುತ್ತದೆ. ಹನ್ನೆರಡು ವರ್ಷಗಳ ಕ್ಷಾಮದ ಹಿನ್ನೆಲೆಯಲ್ಲಿ ಹೇಳಿದ ಈ ಕಥೆಯನ್ನು ಬರಗಾಲವನ್ನು ಬಲ್ಲ ನಾಡು ಬರಿಯ ಪುರಾಣವೆಂದು ಕೇಳಿರಲಾರದು.

ಅತಿಯಾದ ಹಸಿವಿನ ನೇರ ಚಿತ್ರಣ ದೊರೆಯುವುದು ಸಮಂತಭದ್ರರ ಐತಿಹ್ಯದಲ್ಲಿ. ಎಷ್ಟು ಉಂಡರೂ ತಣಿಯದ 'ಭಸ್ಮಕ' ವ್ಯಾಧಿ ಅವರಿಗೆ ತಗುಲಿತೆಂಬ ಸಂಗತಿಯನ್ನು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯು ಸೂಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳಿಕಥೆಯಲ್ಲಿ ಕಥೆ ಪೂರ್ಣರೂಪ ಪಡೆಯುತ್ತದೆ. ವ್ಯಾಧಿಪೀಡಿತರಾದ ಅವರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಒಪ್ಪದೆ, ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟಾದರೂ ರೋಗವನ್ನು ಗುಣಪಡಿಸಿಕೊಳ್ಳುವಂತೆ ಹೇಳುತ್ತಾರೆ. ಸಮಂತಭದ್ರರು ಕಂಚಿಯ ಶಿವಾಲಯದಲ್ಲಿ ನೈವೇದ್ಯದ ರಾಶಿಯನ್ನೆಲ್ಲ ಉಣ್ಣುತ್ತಾರೆ. ರೋಗ ಇಳಿಯುತ್ತ ಬಂದಂತೆ ದಿನದಿನಕ್ಕೆ ಅನ್ನ ಮಿಗುತ್ತದೆ. ಮಿಕ್ಕ ಅನ್ನವೇ ಅರಸನ ಸಂಶಯಕ್ಕೆ ಕಾರಣವಾಗುತ್ತದೆ. ನೇಮಿದತ್ತನ ಆರಾಧನಾ ಕಥಾಕೋಶದಲ್ಲಿ ಇದೇ ಪ್ರಸಂಗ ವಾರಾಣಸಿಗೆ ಸ್ಥಳಾಂತರಗೊಂಡಿದೆ. ಆದ್ದರಿಂದ ಇದನ್ನು ಚರಿತ್ರೆಯೆಂದು ಗ್ರಹಿಸಲಾಗದು. ಆದರೆ ಸಂಪ್ರದಾಯದ ವಿವೇಕಕ್ಕೆ ಇದು ಒಳ್ಳೆಯ ಸಾಕ್ಷಿ. ಹಸಿವು ರೋಗವಾದಾಗ ಅದಕ್ಕೆ ಬೇಕಾದುದು ಚಿಕಿತ್ಸೆಯೇ ಹೊರತು ಶಿಕ್ಷೆಯಲ್ಲವೆಂಬ ತೀರ್ಪನ್ನು ಇಲ್ಲಿ ಗುರುವಿನ ಬಾಯಿಂದಲೇ ಹೇಳಿಸಲಾಗಿದೆ. ಆಸೆಯಿಂದ ಉಣ್ಣುವವನಿಗೆ ವ್ರತ, ವ್ಯಾಧಿಯಿಂದ ಉಣ್ಣುವವನಿಗೆ ಅನ್ನ ಮತ್ತು ಔಷಧ. ಈ ಎರಡನ್ನೂ ಬೆರಸಿದರೆ ಅನ್ಯಾಯವಾಗುತ್ತದೆ.

ಸಮಂತಭದ್ರರ ಕೃತಿಯೆಂದು ಸಂಪ್ರದಾಯ ಹೇಳುವ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನದಲ್ಲಿಯೂ ಇದೇ ಕ್ರಮವನ್ನು ಕಾಯುತ್ತದೆ. ಮೊದಲು ಘನಾಹಾರ ಕಡಮೆಯಾಗಿ ಹಾಲಿನಂಥ ಸ್ನಿಗ್ಧಪಾನ ಹೆಚ್ಚಬೇಕು; ಅನಂತರ ಅದೂ ಕಡಮೆಯಾಗಿ ಕಾಂಜಿ, ಬಿಸಿನೀರು; ಆಮೇಲೆ ಶಕ್ತಿಯಿದ್ದಷ್ಟು ಉಪವಾಸ. ಅನ್ನವನ್ನು ಒಮ್ಮೆಗೇ ಎಸೆಯುವುದಕ್ಕೆ ಇಲ್ಲಿ ಅವಕಾಶವಿಲ್ಲ. ಊನೋದರದ ಒಂದು ತುತ್ತಿನ ಇಳಿಕೆಯೇ ಕೊನೆಯ ವ್ರತದವರೆಗೂ ಮುಂದುವರಿಯುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದಾಗ ಗಂಗ ಮನೆತನದ ಮೂರು ದಾಖಲೆಗಳ ನಡುವಣ ವಿರೋಧ ಕರಗುತ್ತದೆ. ನರೇಗಲ್ಲಿನ ದಾನಶಾಲೆ ಪರರ ಹಸಿವಿಗೆ ಸಂದ ಗೌರವವಾದರೆ, ಪಾಂಬಬ್ಬೆಯ ತಪಸ್ಸೂ ಮಾರಸಿಂಹನ ಸಮಾಧಿಯೂ ತಮ್ಮ ಬಯಕೆಗೆ ತಾವೇ ಹಾಕಿಕೊಂಡ ಮಿತಿ. ಪರರ ಹಸಿವನ್ನು ಸಣ್ಣದೆಂದು ಕಾಣುವ ವ್ರತಕ್ಕೂ, ತನ್ನ ಆಸೆಯನ್ನು ಪ್ರಶ್ನಿಸದ ದಾನಕ್ಕೂ ಈ ಆಚಾರದಲ್ಲಿ ಎಡೆಯಿಲ್ಲ. ಇದೇ ಸೀಮೆಗೆ ಹತ್ತಿರದ ಮುಳುಗುಂದದಲ್ಲಿ 1112ರಲ್ಲಿ ಧರ್ಮಾಮೃತವನ್ನು ರಚಿಸಿದ ನಯಸೇನನು ವ್ರತಗಳನ್ನು ಜನಸಾಮಾನ್ಯರ ಕಥೆಗಳಾಗಿ ಹೇಳಿದುದು ಮುನಿಗಳ ಅಳತೆಗಳು ಗೃಹಸ್ಥರ ಬಾಳಿಗೂ ಇಳಿಯಬೇಕೆಂಬ ಉದ್ದೇಶದಿಂದಲೇ. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ರೂಢಿ, ಭೋಗೋಪಭೋಗಗಳಿಗೆ ಪರಿಮಾಣ ಹಾಕಿಕೊಳ್ಳುವ ನೇಮ ಇವೆಲ್ಲ ಆ ಅಳತೆಯ ಮನೆಯ ರೂಪಗಳು. ಬೆಳ್ವೊಲದ ಶಾಸನಗಳನ್ನು ಅಧ್ಯಯನ ಮಾಡುವವರು ದತ್ತಿಯ ಮತ್ತರುಗಳನ್ನೂ ಕೆರೆಗಳನ್ನೂ ಎಣಿಸುವಾಗ, ಅದೇ ಸಮಾಜವು ಎಣಿಸಿಕೊಂಡಿದ್ದ 32 ತುತ್ತುಗಳನ್ನೂ ಜೊತೆಗಿರಿಸಿಕೊಂಡರೆ ದಾನಶಾಲೆಯೆಂಬ ಪದದ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.