ಪುಟ್ಟ ಮಗುವಿಗೆ ಜ್ವರ: ಐಸ್ ಪಟ್ಟಿ, ಕಂಬಳಿ, ಎರಡೆರಡು ಸಿರಪ್ – ಯಾವುದು ಸರಿ, ಯಾವುದು ತಪ್ಪು?

ಮಳೆಗಾಲ ಬಂತೆಂದರೆ ಮಂಗಳೂರಿನ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಮಕ್ಕಳ ಜ್ವರಕ್ಕೆ ಸಲಹೆ ಕೊಡುವ ಫಾರ್ವರ್ಡ್‌ಗಳೂ ಬರುತ್ತವೆ. ‘ಜ್ವರ ತಲೆಗೇರುವ ಮೊದಲು ಐಸ್ ಇಡಿ’, ‘ಕಂಬಳಿ ಹೊದಿಸಿ ಬೆವರಿಳಿಸಿ’, ‘ಅನ್ನ ಕೊಡಬೇಡಿ’ ಎಂಬಂಥ ಮಾತುಗಳನ್ನು ನೀವೂ ಓದಿರುತ್ತೀರಿ. ಒಂದರಿಂದ ಮೂರು ವರ್ಷದ ಮಕ್ಕಳ ವಿಷಯದಲ್ಲಿ ಇವು ಎಷ್ಟು ಸರಿ? ನಾವು ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಥರ್ಮಾಮೀಟರ್‌ನ ಸಂಖ್ಯೆಗಿಂತ ಮಗು ಹೇಗಿದೆ ಎಂಬುದು ಮುಖ್ಯ. ಜ್ವರ ಇಳಿದ ಮಾತ್ರಕ್ಕೆ ಕಾಯಿಲೆ ವಾಸಿಯಾಯಿತು ಎಂದೂ ಅಲ್ಲ.

ಜ್ವರ ಎಂದರೆ ಎಷ್ಟು?

ಮೈಯ ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಮುಟ್ಟಿದರೆ ಜ್ವರ ಎನ್ನುತ್ತಾರೆ. ಕಂಕುಳಲ್ಲಿ ಅಳೆದರೆ ಸ್ವಲ್ಪ ಕಡಿಮೆ ತೋರಿಸುತ್ತದೆ. ಸೋಂಕಿನ ವಿರುದ್ಧ ಹೋರಾಡಲು ದೇಹವೇ ತನ್ನ ಬಿಸಿಯನ್ನು ಏರಿಸಿಕೊಳ್ಳುತ್ತದೆ. 103 ಡಿಗ್ರಿ ಇದ್ದೂ ನೀರು ಕುಡಿದು ಆಟವಾಡುವ ಮಗುವಿಗಿಂತ, 101 ಡಿಗ್ರಿಯಲ್ಲೇ ಮಂಕಾಗಿ ಮಲಗಿ ಏನೂ ಕುಡಿಯದ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು.

ಐಸ್ ಪಟ್ಟಿ, ಕಂಬಳಿ, ಕರ್ಪೂರ

ಐಸ್ ಅಥವಾ ತಣ್ಣೀರು ಹಾಕಿದರೆ ಚರ್ಮದ ರಕ್ತನಾಳಗಳು ಕುಗ್ಗಿ ಮಗು ನಡುಗುತ್ತದೆ. ನಡುಕದಿಂದ ಮೈಯೊಳಗಿನ ಬಿಸಿ ಇನ್ನಷ್ಟು ಏರಬಹುದು. ಕಂಬಳಿ ಹೊದಿಸಿದರೆ ಬಿಸಿ ಹೊರಗೆ ಹೋಗುವುದಿಲ್ಲ. ತೆಳುವಾದ ಹತ್ತಿ ಬಟ್ಟೆ, ಗಾಳಿಯಾಡುವ ಕೋಣೆ ಸಾಕು. ಮಗುವಿಗೆ ಹಿತವೆನಿಸಿದರೆ ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಬಹುದು. ಕರ್ಪೂರ ಹಚ್ಚುವುದು, ಮೂಸಿಸುವುದು ಬೇಡ. ಪುಟ್ಟ ಮಕ್ಕಳಿಗೆ ಕರ್ಪೂರ ವಿಷ, ಅದರಿಂದಲೇ ಫಿಟ್ಸ್ ಬರಬಹುದು.

ಊಟ ನಿಲ್ಲಿಸಬೇಕೆ?

ಬೇಡ. ಜ್ವರದಲ್ಲಿ ಮೈಯ ನೀರು ಬೇಗ ಕಡಿಮೆಯಾಗುತ್ತದೆ. ಎದೆಹಾಲು, ನೀರು, ಗಂಜಿ ತಿಳಿ, ಎಳನೀರು ಸ್ವಲ್ಪ ಸ್ವಲ್ಪವೇ ಆಗಾಗ ಕೊಡಿ. ವಾಂತಿ ಭೇದಿ ಇದ್ದರೆ ಓಆರ್‌ಎಸ್ ಕೊಡಿ. ಅನ್ನ ತಿಂದರೆ ಜ್ವರ ಹೆಚ್ಚುವುದಿಲ್ಲ.

ಸಿರಪ್: ಇಲ್ಲೇ ಹೆಚ್ಚು ಎಡವಟ್ಟು

ಪ್ಯಾರಸಿಟಮಾಲ್ ಅನ್ನು ಮಗುವಿನ ತೂಕ ನೋಡಿ ಕೊಡಬೇಕು. ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಎಂಜಿ, ಅಂದರೆ 10 ಕಿಲೋ ಮಗುವಿಗೆ 100ರಿಂದ 150 ಎಂಜಿ. ಆದರೆ ಅಂಗಡಿಯಲ್ಲಿ ಸಿಗುವ ಬಾಟಲಿಗಳೆಲ್ಲ ಒಂದೇ ಅಲ್ಲ. ಸಾಮಾನ್ಯ ಡ್ರಾಪ್ಸ್‌ನ 1 ಎಂಎಲ್‌ನಲ್ಲೇ 100 ಎಂಜಿ ಔಷಧಿ ಇರುತ್ತದೆ. ಸಿರಪ್‌ಗಳಲ್ಲಿ 5 ಎಂಎಲ್‌ಗೆ 125 ಎಂಜಿ ಇರುವುದೂ ಇದೆ, 250 ಎಂಜಿ ಇರುವುದೂ ಇದೆ. ಸಿರಪ್ ಎಂದುಕೊಂಡು 5 ಎಂಎಲ್ ಡ್ರಾಪ್ಸ್ ಕುಡಿಸಿದರೆ ಒಂದೇ ಸಲಕ್ಕೆ 500 ಎಂಜಿ ಹೋದಂತೆ! ಪ್ರಮಾಣ ಮೀರಿದರೆ ಲಿವರ್‌ಗೆ ಹಾನಿ.

ಆದ್ದರಿಂದ ಲೇಬಲ್ ಓದಿ, ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ, ಅಡುಗೆಮನೆಯ ಚಮಚ ಬೇಡ. ಎರಡು ಡೋಸ್‌ಗಳ ನಡುವೆ 4ರಿಂದ 6 ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಡೋಸ್ ಬೇಡ. ಕೆಲವು ಶೀತದ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಇರುವುದರಿಂದ ಎರಡನ್ನೂ ಕೊಟ್ಟರೆ ಡಬಲ್ ಡೋಸ್ ಆಗುತ್ತದೆ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

‘ಜ್ವರ ತಲೆಗೇರಿ ಫಿಟ್ಸ್’

ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ನೋಡಲು ಭಯವಾದರೂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ, ಮೆದುಳಿಗೆ ಹಾನಿಯಾಗುವುದಿಲ್ಲ. ಮಗುವನ್ನು ಒಂದು ಬದಿಗೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ಅಥವಾ ನೀರು ಹಾಕುವುದು ಬೇಡ. ಐದು ನಿಮಿಷದಲ್ಲಿ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮೊದಲ ಸಲ ಬಂದಿದ್ದರೆ, ನಿಂತ ಮೇಲೂ ಅಂದೇ ವೈದ್ಯರಿಗೆ ತೋರಿಸಿ.

ಮಂಗಳೂರಿನಲ್ಲಿ ಇನ್ನೂ ಎರಡು ಎಚ್ಚರ

ನಮ್ಮ ಊರಿನಲ್ಲಿ ಜ್ವರವನ್ನು ‘ವೈರಲ್ ಇರಬೇಕು’ ಎಂದು ಬಿಟ್ಟುಬಿಡುವಂತಿಲ್ಲ. 1990ರ ದಶಕದಿಂದ ಇಲ್ಲಿ ಮಲೇರಿಯಾ ಬೇರೂರಿದೆ. 2019ರ ಮಳೆಗಾಲದಲ್ಲಿ ಗುಜ್ಜರಕೆರೆ ಸುತ್ತಮುತ್ತ ಡೆಂಗ್ಯೂ ಜೋರಾಗಿ ಹರಡಿತ್ತು.

ಮಲೇರಿಯಾ ಜ್ವರ ಬಿಟ್ಟು ಬಿಟ್ಟು ಬರಬಹುದು. ನಡುವೆ ಮಗು ಚೆನ್ನಾಗಿದೆ ಎಂದೇ ಅನಿಸುತ್ತದೆ. ರಕ್ತ ಪರೀಕ್ಷೆಯೊಂದೇ ದಾರಿ. ವೆನ್ಲಾಕ್ ಸೇರಿದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ, ನಗರ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಮಾಡುತ್ತಾರೆ.

ಡೆಂಗ್ಯೂ ಇದಕ್ಕೆ ತಿರುಗುಮುರುಗು. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ, ಅಪಾಯ ಶುರುವಾಗುವುದೂ ಆಗಲೇ. ಜ್ವರ ಬಿಟ್ಟ ನಂತರದ ಒಂದೆರಡು ದಿನ ಹೊಟ್ಟೆನೋವು, ಪದೇ ಪದೇ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಡೆಂಗ್ಯೂ ಇಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್ ಕೊಡಬೇಡಿ, ಅದರಿಂದ ರಕ್ತಸ್ರಾವ ಹೆಚ್ಚಬಹುದು.

ಕಾಯದೆ ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

• ಮೂರು ತಿಂಗಳೊಳಗಿನ ಕೂಸಿಗೆ ಯಾವುದೇ ಜ್ವರ ಬಂದರೆ
• ಮಗು ಏನೂ ಕುಡಿಯದಿದ್ದರೆ, ಎಂಟು ಗಂಟೆಯಿಂದ ಮೂತ್ರ ಮಾಡದಿದ್ದರೆ
• ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ
• ಉಸಿರಾಡಲು ಕಷ್ಟಪಡುತ್ತಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ
• ಕುತ್ತಿಗೆ ಬಿಗಿಯಾದರೆ, ಒತ್ತಿದರೂ ಮಾಸದ ಕಲೆಗಳು ಮೈಮೇಲೆ ಎದ್ದರೆ

ಇವು ಯಾವುದೂ ಇಲ್ಲದಿದ್ದರೂ ಜ್ವರ ಎರಡನೇ ದಿನ ದಾಟಿದರೆ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆಯ ಬಗ್ಗೆ ಕೇಳಿ.

ಕೊನೆಯದಾಗಿ: ನಿಮ್ಮ ಮಗುವಿಗೆ ಬರೆದುಕೊಟ್ಟ ಔಷಧಿ ಚೀಟಿಯ ಫೋಟೊವನ್ನು ಗ್ರೂಪ್‌ಗೆ ಹಾಕಬೇಡಿ. ಅದರಲ್ಲಿರುವ ಅಳತೆ ನಿಮ್ಮ ಮಗುವಿನ ತೂಕಕ್ಕೆ ಮಾತ್ರ. ಪಕ್ಕದ ಮನೆಯ ಮಗುವಿಗೆ ಅದೇ ಹೆಚ್ಚಾಗಬಹುದು.